ನರಸಿಂಹಪ್ಪನವರ ನಂಬಿಕಸ್ತ ಪಿಸ್ತೂಲು

ಚಿಂತಾಮಣಿ
೧೮ ಜನವರಿ ೨೦೨೪

ಪ್ರೀತಿಯ ಅಪ್ಪನಿಗೆ, ಜೈಭೀಮ್.

ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಕೂಗಾಡುತ್ತೇವೆ, ಕೊನೆಗೆ ಅಮ್ಮ ಫೋನು ಕಿತ್ತುಕೊಂಡು ‘ಊಟ ಆಯ್ತಾ’ ಎಂದು ಕೇಳಿ ಮುಗಿಸುತ್ತಾಳೆ. ಅದಕ್ಕೇ ಹಾಸ್ಟೆಲಿನ ದಿನಗಳ ಹಾಗೆ ಕಾಗದ ಬರೆಯುತ್ತಿದ್ದೇನೆ. ಕಾಗದದ ಮೇಲೆ ನೀವು ನನ್ನ ಮಾತನ್ನು ಅರ್ಧಕ್ಕೆ ತಡೆಯಲಾರಿರಿ.

ಆಯುಧದ ಲೈಸೆನ್ಸ್ ಬಂತು. ಕೈಗೆ ಸಿಕ್ಕಾಗ ಖುಷಿಯಾಗಲಿಲ್ಲ, ಆದರೆ ಆ ರಾತ್ರಿ ನಿದ್ದೆ ಬಂತು. ನಿಮಗೆ ಬೇಜಾರು ಎಂದು ಗೊತ್ತು. ಆದರೂ ಕೇಳಿ. ದಿಬ್ಬೂರಹಳ್ಳಿಯ ಚಿಕ್ಕವೆಂಕಟಮ್ಮನ ಮಾವನಿಗೆ ಸರ್ಕಾರ ಕೊಟ್ಟ ಜಮೀನಿಗೆ ಪಕ್ಕದ ಗುಡ್ಡ ಒಡೆಯುವ ಕ್ರಷರ್‌ನವರು ಬೇಲಿ ಹಾಕಿಕೊಂಡಿದ್ದಾರೆ. ಅವಳ ಪರವಾಗಿ ಶಿಡ್ಲಘಟ್ಟದ ಕೋರ್ಟಿನಲ್ಲಿ ನಿಂತ ಮೂರನೇ ವಕೀಲೆ ನಾನು. ಮೊದಲಿನ ಇಬ್ಬರು ಯಾಕೆ ಬಿಟ್ಟರು ಎಂದು ನನಗೆ ಈಗ ಅರ್ಥವಾಗಿದೆ. ನಾನು ಬಿಡುವುದಿಲ್ಲ. ಬಿಡದೆ ಇರಬೇಕಾದರೆ ನನ್ನ ಚೀಲದಲ್ಲಿ ಏನಾದರೂ ಇರಬೇಕು.

ನನಗೆ ಬೇಕಾದದ್ದು ಒಂದು ಸೆಮಿ ಆಟೋಮ್ಯಾಟಿಕ್ ಪಿಸ್ತೂಲು. ದುಬಾರಿಯದು ಬೇಡ, ಕೈಗೆಟುಕಬೇಕು, ಸಮಯಕ್ಕೆ ಕೈಕೊಡಬಾರದು. ಅಂಗಡಿಯವನನ್ನು ಕೇಳಿದರೆ ಎಲ್ಲವೂ ಚಿನ್ನವೇ. ಇಲ್ಲಿ ವಿಚಾರಿಸಿದರೆ ಸಂಜೆಯೊಳಗೆ ಕ್ರಷರ್‌ನವರ ಕಿವಿಗೆ ಬೀಳುತ್ತದೆ. ಗೌರಿಬಿದನೂರಿನ ಕಡೆ ಪಿಸ್ತೂಲು ಇಟ್ಟುಕೊಂಡವರೆಲ್ಲ ನಿಮಗೆ ಪರಿಚಯ, ಅರ್ಧ ಜನ ನಿಮ್ಮ ಶಿಷ್ಯರು. ಇಟ್ಟುಕೊಂಡು ಅನುಭವಿಸಿದವರ ಅಭಿಪ್ರಾಯ ಕೇಳಿ ಬರೆಯುತ್ತೀರಾ?

ನಿಮ್ಮ ಮಗಳು
ಸಂಘಮಿತ್ರ


ವಿದುರಾಶ್ವತ್ಥ
೨೬ ಜನವರಿ ೨೦೨೪

ಚಿ. ಸಂಘಮಿತ್ರಾಳಿಗೆ ಆಶೀರ್ವಾದಗಳು.

ಆಗುವುದಿಲ್ಲ.

ಬೆಳಿಗ್ಗೆ ಎದ್ದು ಪಂಚಶೀಲದಲ್ಲಿ ಮೊದಲನೆಯದಾಗಿ ಪ್ರಾಣಹತ್ಯೆ ಮಾಡುವುದಿಲ್ಲ ಎಂದು ಹೇಳುವ ಬಾಯಲ್ಲೇ ‘ನಿಮ್ಮ ಪಿಸ್ತೂಲು ಚೆನ್ನಾಗಿ ಹಾರುತ್ತದಾ’ ಎಂದು ಕೇಳಿಕೊಂಡು ಬರಲೇ? ನಮ್ಮೂರಿಗೆ ಗುಂಡು ಎಂದರೇನೆಂದು ಯಾರೂ ಪಾಠ ಮಾಡಬೇಕಿಲ್ಲ. ನಲವತ್ತು ವರ್ಷ ನಾನೇ ಮಕ್ಕಳನ್ನು, ಧ್ವಜ ಹಾರಿಸಲು ಹೋಗಿ ಪೊಲೀಸರ ಗುಂಡಿಗೆ ಬಲಿಯಾದ ಹುತಾತ್ಮರ ಸ್ಮಾರಕದ ಮುಂದೆ ನಿಲ್ಲಿಸಿ ಆ ಪಾಠ ಮಾಡಿದ್ದೇನೆ. ಇವತ್ತೂ ಧ್ವಜ ಹಾರಿಸಲು ಹೋಗಿ ಅದನ್ನೇ ಹೇಳಿ ಬಂದೆ. ಬಂದು ನೋಡಿದರೆ ನಿನ್ನ ಕಾಗದ.

ಕೇಸು ಬಿಡು ಎಂದು ಹೇಳುವುದಿಲ್ಲ. ಹೇಳಿದರೆ ನೀನು ಕೇಳುವವಳೂ ಅಲ್ಲ. ಆದರೆ ಹುತ್ತ ಬಡಿದರೆ ಹಾವು ಸಾಯುವುದಿಲ್ಲ ಮಗಾ.

ನಿಮ್ಮಮ್ಮ ಕಡಲೆಕಾಯಿ ಹುರಿದು ಕಳಿಸಿದ್ದಾಳೆ. ಪಿಸ್ತೂಲಿನ ಮಾತು ಅವಳಿಗೆ ಹೇಳಿಲ್ಲ.

ಇಂತು
ನಿನ್ನ ಅಪ್ಪ ಕೋನಪ್ಪ


ವಿದುರಾಶ್ವತ್ಥ
೨೧ ಫೆಬ್ರವರಿ ೨೦೨೪

ಚಿ. ಸಂಘಮಿತ್ರಾಳಿಗೆ ಆಶೀರ್ವಾದಗಳು.

ನೀನು ಉತ್ತರ ಬರೆಯಲಿಲ್ಲ. ಸರಿ, ಗೆದ್ದೆ. ಹೋಗಬಾರದ ಊರಿಗೆ ದಾರಿ ಕೇಳಿಕೊಂಡು ತಿರುಗಿದ್ದೇನೆ. ನಿಜ ಹೇಳುತ್ತೇನೆ, ಎಲ್ಲರೂ ಕೆಟ್ಟದ್ದನ್ನೇ ಹೇಳಲಿ, ಅದನ್ನೇ ನಿನಗೆ ಬರೆಯೋಣ ಎಂದುಕೊಂಡು ಹೊರಟೆ.

ಮೊದಲು ಪೆಟ್ರೋಲ್ ಬಂಕಿನ ಮೋಹನ್‌ಬಾಬು. ನನ್ನ ಹತ್ತಿರ ಮಗ್ಗಿ ಕಲಿತವನು, ಹದಿಮೂರರ ಮಗ್ಗಿ ಇವತ್ತಿಗೂ ಬರುವುದಿಲ್ಲ. ಬಹಳ ಬೆಲೆಯ ಪಿಸ್ತೂಲು ಇಟ್ಟಿದ್ದಾನೆ. ‘ಹೊಡೆಯೋದಕ್ಕಲ್ಲ ಸಾರ್, ಜನ ನೋಡ್ಬೇಕು ಅಷ್ಟೇ. ಸೊಂಟದಲ್ಲಿದ್ರೆ ನಡಿಗೇನೇ ಬೇರೆ’ ಎಂದ. ಆಮೇಲೆ ಅವನ ಹೆಂಡತಿ ಬಂದು ಉಳಿದ ಕಥೆ ಹೇಳಿದಳು. ಯಾರದೋ ಮದುವೆಯಲ್ಲಿ ಪಂಕ್ತಿಗೆ ಬಗ್ಗಿ ಕೂರುವಾಗ ಅದು ಸೊಂಟದಿಂದ ಜಾರಿ ಎಲೆಯ ಮೇಲೆ ಬಿತ್ತಂತೆ, ಬಡಿಸುವವನು ಅನ್ನದ ಬೇಸಿನ್ ಬಿಟ್ಟು ಓಡಿದನಂತೆ. ಅಂದಿನಿಂದ ಅದು ಬ್ಯಾಂಕಿನ ಲಾಕರಿನಲ್ಲಿದೆ. ಅಲ್ಲಿ ಅದು ಬಹಳ ನಂಬಿಕಸ್ತವಾಗಿದೆಯಂತೆ.

ಎರಡನೆಯವನು ಮುನಿಗಂಗಪ್ಪ, ದ್ರಾಕ್ಷಿ ವ್ಯಾಪಾರದವನು. ‘ಇಟ್ಕೊಂಡ ಮೇಲೆ ಯಾರೂ ನನ್ನನ್ನ ಬೈಯಲ್ಲ ಮೇಷ್ಟ್ರೇ. ಎದುರಿಗೆ ಬೈತಿದ್ದೋರು ಈಗ ಹಿಂದೆ ಬೈತಾರೆ. ಯಾರು ಶತ್ರು ಅಂತಲೇ ಗೊತ್ತಾಗಲ್ಲ’ ಎಂದ. ಈ ಮಾತು ನನಗೆ ಹಿಡಿಸಿತು, ಆದ್ದರಿಂದ ದಪ್ಪಕ್ಷರದಲ್ಲಿ ಬರೆದಿದ್ದೇನೆ.

ಕೊನೆಗೆ ನಮ್ಮೂರಿನ ನರಸಿಂಹಪ್ಪ. ಮೊದಲು ಅವರ ಮನೆಯಲ್ಲಿ ಜೋಡುನಳಿಗೆಯ ಕೋವಿ ಇತ್ತಲ್ಲ, ಹಂದಿ ಓಡಿಸಲು? ಅದನ್ನು ಕೊಟ್ಟು ಪಿಸ್ತೂಲು ತಂದಿದ್ದಾರೆ. ಸರ್ಕಾರಿ ಕಾರ್ಖಾನೆಯದು, ಬೆಲೆ ಕಮ್ಮಿ. ‘ಒಂದ್ ದಿನಕ್ಕೂ ತೊಂದ್ರೆ ಕೊಟ್ಟಿಲ್ಲ ಮೇಷ್ಟ್ರೇ. ಸಾಧು ಹಸ ಇದ್ದಂಗೈತೆ’ ಎಂದರು. ಎಷ್ಟು ಸಲ ಹೊಡೆದಿದ್ದೀರಿ ಎಂದು ಕೇಳಿದೆ. ‘ಹೊಡೆಯೋದಾ? ಯಾಕೆ ಹೊಡೀಲಿ? ವರ್ಷಕ್ಕೊಂದ್ ಸಲ ಆಯುಧಪೂಜೇಲಿ ಹೂವಿಟ್ಟು ಕೈ ಮುಗಿತೀನಿ’ ಎಂದು ನಕ್ಕರು. ಶ್ಯಾಮಲಮ್ಮ ಒಳಗಿನಿಂದ ಮಜ್ಜಿಗೆ ಕಳಿಸಿದರು. ಎಂದಿನಂತೆ ಜಗಲಿಯ ಮೇಲೆ ಕೂತು ಕುಡಿದು ಬಂದೆ. ಒಂದೇ ಬೆಂಚಿನಲ್ಲಿ ಓದಿದವರು ನಾವು, ಅರವತ್ತು ವರ್ಷದ ಸ್ನೇಹ, ಜಗಲಿಯವರೆಗೆ.

ಇಷ್ಟು ನನಗೆ ಸಿಕ್ಕ ಅಭಿಪ್ರಾಯ. ಮೂವರಲ್ಲಿ ಒಬ್ಬರೂ ಅದರಿಂದ ಯಾವ ಉಪಯೋಗವೂ ಆದದ್ದನ್ನು ಹೇಳಲಿಲ್ಲ. ನೀನು ಬುದ್ಧಿವಂತೆ.

ಇಂತು
ಅಪ್ಪ


ಚಿಂತಾಮಣಿ
೨೦ ಮಾರ್ಚ್ ೨೦೨೪

ಪ್ರೀತಿಯ ಅಪ್ಪನಿಗೆ,

ನಿಮ್ಮ ಕಾಗದ ಓದಿ ಬಹಳ ದಿನಗಳ ಮೇಲೆ ನಕ್ಕೆ. ಅನ್ನದ ಬೇಸಿನ್ ಬಿಟ್ಟು ಓಡಿದವನನ್ನು ನೆನೆದು ನೆನೆದು ನಕ್ಕೆ. ಮಾರನೆಯ ದಿನ ನಗುವುದು ನಿಂತಿತು.

ಬೆಳಿಗ್ಗೆ ಕಚೇರಿಯ ಬೀಗ ತೆಗೆಯಲು ಹೋದರೆ ಬಾಗಿಲಿಗೆ ನನ್ನ ಫೋಟೋ ತೂಗುಹಾಕಿದ್ದಾರೆ. ಚೌಕಟ್ಟು ಹಾಕಿಸಿ, ಚೆಂಡುಹೂವಿನ ಹಾರ ಹಾಕಿ, ಕೆಳಗೆ ಊದುಬತ್ತಿ ಹಚ್ಚಿಟ್ಟಿದ್ದಾರೆ. ಊದುಬತ್ತಿ ಇನ್ನೂ ಅರ್ಧವಷ್ಟೇ ಉರಿದಿತ್ತು, ಅಂದರೆ ಹಚ್ಚಿದವನು ನಾನು ಬರುವುದನ್ನು ನೋಡಿಕೊಂಡೇ ಹಚ್ಚಿದ್ದಾನೆ. ಪೊಲೀಸರಿಗೆ ದೂರು ಕೊಟ್ಟೆ. ಫೋಟೋ ಮಾತ್ರ ಚೆನ್ನಾಗಿ ಬಂದಿದೆ, ಎಲ್ಲಿ ತೆಗೆದದ್ದೋ ಗೊತ್ತಿಲ್ಲ. ನನಗೆ ಭಯವಾಗುತ್ತದೆ ಅಪ್ಪ. ಇಷ್ಟು ದಿನ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಹೊಸದು ಕೊಳ್ಳುವ ಶಕ್ತಿ ನನಗಿಲ್ಲ. ನರಸಿಂಹಪ್ಪನವರದ್ದು ನನಗೆ ಸರಿಹೋಗುತ್ತದೆ. ಅವರು ಕೊಡುತ್ತಾರಾ? ಲೈಸೆನ್ಸ್ ಇರುವವರಿಂದ ಲೈಸೆನ್ಸ್ ಇರುವವರಿಗೆ ಒಪ್ಪಿಗೆ ಪಡೆದು ವರ್ಗ ಮಾಡಿಸಿಕೊಳ್ಳಬಹುದು. ಆದರೆ ಈಗ ಏನೂ ಆಗುವುದಿಲ್ಲ. ಚುನಾವಣೆ ಘೋಷಣೆಯಾಗಿದೆ, ಲೈಸೆನ್ಸಿನ ಆಯುಧಗಳೆಲ್ಲ ಠಾಣೆಗೆ ಹೋಗಬೇಕು. ಜೂನ್‌ವರೆಗೆ ಜಿಲ್ಲೆಯಲ್ಲಿ ಕಾನೂನು ಪಾಲಿಸುವವರ ಕೈ ಖಾಲಿ. ಲೈಸೆನ್ಸ್ ಇಲ್ಲದವರಿಗೆ ಯಾವ ನೀತಿ ಸಂಹಿತೆಯೂ ಇಲ್ಲವಲ್ಲ.

ಅಮ್ಮನಿಗೆ ಫೋಟೋದ ವಿಷಯ ಹೇಳಬೇಡಿ.

ನಿಮ್ಮ
ಸಂಘಮಿತ್ರ


ವಿದುರಾಶ್ವತ್ಥ
೮ ಮೇ ೨೦೨೪

ಚಿ. ಸಂಘಮಿತ್ರಾಳಿಗೆ,

ನಾನು ಸುತ್ತಿಬಳಸದೆ ಕೇಳುತ್ತೇನೆ. ಮೊನ್ನೆ ಸೋಮವಾರ ನೀನು ಕುಂಟುತ್ತಿದ್ದೆಯಾ?

ಅವತ್ತು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಗಂಡಸಿನ ದನಿ, ಬಹಳ ಮರ್ಯಾದೆಯ ಮಾತು. ‘ಮೇಷ್ಟ್ರೇ, ಚೆನ್ನಾಗಿದ್ದೀರಾ? ನಿಮ್ ಮಗಳು ಇವತ್ತು ಬಲಗಾಲು ಕುಂಟ್ತಾವ್ಳೆ. ಸ್ಕೂಟ್ರು ಸ್ಟ್ಯಾಂಡ್ ಹಾಕೋಕ್ಕೂ ಆಗ್ತಿಲ್ಲ ಪಾಪ. ಪಿಸ್ತೂಲ್ ವಿಚಾರಿಸ್ತಿದ್ದೀರಂತೆ? ತಗೊಳ್ಳಿ, ತಗೊಳ್ಳಿ. ಒಳ್ಳೇದೇ ನೋಡಿ ತಗೊಳ್ಳಿ.’ ಅಷ್ಟು ಹೇಳಿ ಇಟ್ಟುಬಿಟ್ಟ.

ಯಾರ ಬಾಯಿಂದ ಹೋಯಿತೋ ಗೊತ್ತಿಲ್ಲ. ನಾನೇ ಮೂರು ಮನೆಗೆ ಹೋಗಿ, ಮೂರು ಕಡೆಯೂ ಕಾಫಿ ಮಜ್ಜಿಗೆ ಕುಡಿದು ಡಂಗುರ ಹೊಡೆದು ಬಂದಿದ್ದೇನೆ. ಕೆಲಸ ಮಾಡುವುದಿದ್ದರೆ ಪೂರ್ತಿ ಮಾಡಬೇಕು ಎನ್ನುವ ಮೇಷ್ಟ್ರ ಚಾಳಿ. ಆಮೇಲೂ ಎರಡು ಸಲ ಅದೇ ದನಿ. ಫೋನು ಆಫ್ ಮಾಡಿ ಅಕ್ಕಿ ಡಬ್ಬದಲ್ಲಿಟ್ಟಿದ್ದೇನೆ, ನಿಮ್ಮಮ್ಮನಿಗೆ ಕೆಟ್ಟಿದೆ ಎಂದು ಹೇಳಿದ್ದೇನೆ. ಏನಿದ್ದರೂ ಕಾಗದ ಬರೆ.

ಆ ರಾತ್ರಿ ಬುದ್ಧನ ಪಟದ ಮುಂದೆ ಕೂತೆ. ಪಂಚಶೀಲ ಹೇಳಲು ಬಾಯಿ ತೆರೆದರೆ ಮೊದಲನೆಯದರಲ್ಲೇ ನಿಂತುಬಿಟ್ಟೆ. ನನ್ನ ಮಗಳು ಕುಂಟುವುದು ನನಗೆ ಗೊತ್ತಿಲ್ಲ, ಅವನಿಗೆ ಗೊತ್ತು. ಸಿಟ್ಟು ಬಂತು ಮಗಾ. ಇಷ್ಟು ವಯಸ್ಸಿಗೆ ಇಂಥ ಸಿಟ್ಟು ನನ್ನೊಳಗಿದೆ ಎಂದು ನನಗೇ ತಿಳಿದಿರಲಿಲ್ಲ.

ನರಸಿಂಹಪ್ಪನವರ ಹತ್ತಿರ ನಾನೇ ಮಾತಾಡುತ್ತೇನೆ. ಅವರದ್ದು ಠಾಣೆಯಿಂದ ಬಂದ ಕೂಡಲೇ ನಿನಗೆ ಮಾಡಿಸಿಕೊಡುತ್ತೇನೆ. ನೀನು ಬೇಡ ಎಂದರೂ ಕೊಡಿಸುತ್ತೇನೆ.

ಇಂತು
ಅಪ್ಪ


ಚಿಂತಾಮಣಿ
೩೦ ಜೂನ್ ೨೦೨೪

ಪ್ರೀತಿಯ ಅಪ್ಪನಿಗೆ,

ಹೌದು, ಕುಂಟುತ್ತಿದ್ದೆ. ಕೋರ್ಟಿನ ಮೆಟ್ಟಿಲಿನಲ್ಲಿ ಉಳುಕಿತ್ತು. ಹೇಳಿದರೆ ಅಮ್ಮ ಎಣ್ಣೆ ಸೀಸೆ ಹಿಡಿದುಕೊಂಡು ಬಸ್ ಹತ್ತುತ್ತಾಳೆ ಎಂದು ಹೇಳಲಿಲ್ಲ. ಆ ಫೋನಿನ ವಿಷಯ ನನ್ನ ದೂರಿಗೆ ಸೇರಿಸಿದ್ದೇನೆ.

ಒಳ್ಳೆಯ ಸುದ್ದಿಯೂ ಇದೆ. ಚಿಕ್ಕವೆಂಕಟಮ್ಮ ಸಾಕ್ಷಿ ಹೇಳಿದಳು. ಕಟಕಟೆಗೆ ಹತ್ತುವ ಮೊದಲು ನನ್ನ ಕೈ ಹಿಡಿದು ನೋಡಿ, ‘ಏಮಮ್ಮಾ, ನಿನ್ ಕೈಯೇ ತಣ್ಣಗೈತೆ? ಸಾಕ್ಷಿ ಹೇಳೋಳು ನಾನು’ ಎಂದಳು. ಎದುರು ವಕೀಲರು ಏನು ಕೇಳಿದರೂ ಅವಳದು ಒಂದೇ ಮಾತು: ‘ನಾನು ಅಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದಿದ್ದೀನಿ ಸ್ವಾಮಿ, ಇವ್ರು ಕಲ್ಲು ಕೊಯ್ಯೋಕೆ ಬಂದೋರು.’ ವಾದ ಮುಗಿಯಲು ಇನ್ನೂ ನಾಲ್ಕಾರು ತಿಂಗಳು ಬೇಕು. ಅಷ್ಟು ದಿನ ನಾನು ಬದುಕಿರಬೇಕು, ಅಷ್ಟೇ.

ಒಂದು ಮಾತು. ಈ ಪಿಸ್ತೂಲು ಬೇಡ ಎಂದು ವಾದಿಸುತ್ತಿದ್ದವರು ನೀವು. ಈಗ ನೀವೇ ಕೊಡಿಸುತ್ತೇನೆ ಎಂದು ಬರೆದದ್ದು ಓದಿ ಧೈರ್ಯ ಬರಬೇಕಿತ್ತು, ಬರಲಿಲ್ಲ. ನೀವು ಬೇಡ ಎನ್ನುವಾಗ ನಾನು ಗಟ್ಟಿಯಾಗಿದ್ದೆ. ನಿಧಾನವಾಗಿ ಆಗಲಿ.

ನಿಮ್ಮ
ಸಂಘಮಿತ್ರ


ವಿದುರಾಶ್ವತ್ಥ
೨೪ ಸೆಪ್ಟೆಂಬರ್ ೨೦೨೪

ಚಿ. ಸಂಘಮಿತ್ರಾಳಿಗೆ ಆಶೀರ್ವಾದಗಳು.

ನರಸಿಂಹಪ್ಪ ಒಪ್ಪಿದರು. ಒಪ್ಪಿಗೆ ಪತ್ರದ ಕೆಲಸವೂ ಮುಗಿಯುತ್ತಾ ಬಂತು. ಆದರೆ ಒಂದು ಷರತ್ತು. ‘ಇಷ್ಟು ವರ್ಷ ಪೂಜೆ ಮಾಡಿದ್ದೀನಿ ಮೇಷ್ಟ್ರೇ. ಹಬ್ಬದ ಹೊಸ್ತಿಲಲ್ಲಿ ಮನೆ ಆಯುಧ ಹೊರಗೆ ಕಳ್ಸಬಾರ್ದು. ಈ ವರ್ಷದ್ದೊಂದು ಪೂಜೆ ಆಗ್ಲಿ, ಆಮೇಲೆ ಸಂತೋಷವಾಗಿ ಕೊಡ್ತೀನಿ’ ಎಂದರು. ಇನ್ನು ಎರಡೂವರೆ ವಾರ ತಾನೇ, ಕಾಯೋಣ.

ಠಾಣೆಯಿಂದ ಬಂದದ್ದು ಹೇಗಿದೆ ಎಂದು ವಿಚಾರಿಸಿದೆ. ಜೂನಿನಲ್ಲಿ ತಂದ ದಿನವೇ ಮ್ಯಾಗಜೀನ್ ಹಾಕಿ, ಮೇಲಿನ ಭಾಗ ಒಂದು ಸಲ ಹಿಂದಕ್ಕೆಳೆದು ಬಿಟ್ಟು, ಎಲ್ಲ ಸಲೀಸಾಗಿದೆ ಎಂದು ನೋಡಿ, ಮ್ಯಾಗಜೀನ್ ತೆಗೆದು ಬೀರುವಿನಲ್ಲಿಟ್ಟರಂತೆ. ‘ಎಣ್ಣೆ ಹಾಕಿದ ಗಡಿಯಾರ ಇದ್ದಂಗೈತೆ. ಆದ್ರೆ ಗುಂಡು ಒಂದು ಕಮ್ಮಿ ಐತೆ ಮೇಷ್ಟ್ರೇ. ತಂದಾಗ ಸರಿಯಿದ್ದಂಗೆ ನೆಪ್ಪು. ಶ್ಯಾಮಲ ಮನೆ ಗುಡಿಸುವಾಗ ಎಲ್ಲೋ ಹೋಗಿರ್ಬೇಕು’ ಎಂದು ಗೊಣಗಿದರು. ಒಂದು ಗುಂಡಿಗೆ ಇಷ್ಟು ಹುಡುಕಾಟವೇ ಎಂದು ಶ್ಯಾಮಲಮ್ಮ ಒಳಗಿನಿಂದಲೇ ಬೈದರು.

ಅಂತೂ ಎಲ್ಲ ನಂಬಿಕಸ್ತವಾಗಿದೆ. ನೀನು ಯೋಚಿಸಬೇಡ.

ಇಂತು
ಅಪ್ಪ


ಚಿಂತಾಮಣಿ
೯ ಅಕ್ಟೋಬರ್ ೨೦೨೪

ಪ್ರೀತಿಯ ಅಪ್ಪನಿಗೆ,

ನನಗೆ ಪಿಸ್ತೂಲು ಬೇಡ.

ಯಾಕೆ ಎಂದು ಹೇಳುತ್ತೇನೆ. ಹೋದ ವಾರ ದಿಬ್ಬೂರಹಳ್ಳಿಯಿಂದ ವಾಪಸು ಬರುತ್ತಿದ್ದೆ, ಹೊತ್ತು ಮುಳುಗಿತ್ತು. ಹಿಂದೆ ಒಂದು ಬೈಕ್. ನಾನು ಜೋರಾಗಿ ಹೋದರೆ ಅದೂ ಜೋರು, ನಿಧಾನಿಸಿದರೆ ಅದೂ ನಿಧಾನ. ಲೈಟು ಆರಿಸುತ್ತಾನೆ, ಹಚ್ಚುತ್ತಾನೆ. ಕೆರೆ ಏರಿಯ ಮೇಲೆ ನನ್ನ ಪಕ್ಕಕ್ಕೇ ಬಂದ. ಏನೋ ಕೂಗುತ್ತಿದ್ದ, ಹೆಲ್ಮೆಟ್ಟಿನೊಳಗೆ ನನಗೆ ಕೇಳಲಿಲ್ಲ. ನಾನು ಸ್ಕೂಟರ್ ನಿಲ್ಲಿಸಿ ಚೀಲದೊಳಗೆ ಕೈ ಹಾಕಿದೆ. ಅದರಲ್ಲಿ ಏನೂ ಇರಲಿಲ್ಲ, ಬಾಚಣಿಗೆ ಇತ್ತು. ಆದರೂ ಕೈ ಹೋಯಿತು. ಲೈಸೆನ್ಸಿಗೆ ಮೊದಲಿನ ತರಬೇತಿಯಲ್ಲಿ ಕಲಿಸಿದ್ದರಲ್ಲ, ಎದೆಯ ಮಧ್ಯಕ್ಕೆ ನೋಡಬೇಕು ಎಂದು. ನಾನು ಅವನ ಅಂಗಿಯ ಎರಡನೇ ಗುಂಡಿಯನ್ನು ನೋಡುತ್ತಿದ್ದೆ.

ಅವನು ಹೆಲ್ಮೆಟ್ ತೆಗೆದ. ಚಿಕ್ಕವೆಂಕಟಮ್ಮನ ಮಗ ಜಗನ್. ‘ಎಷ್ಟು ಕೂಗಿದ್ರೂ ನಿಲ್ಸಲ್ವಲ್ಲ ಮೇಡಂ, ನಿಮ್ ಊಟದ ಡಬ್ಬಿ ಬಿಟ್ ಬಂದಿದ್ದೀರ’ ಎಂದು ನಗುತ್ತಾ ಡಬ್ಬಿ ಕೈಗೆ ಕೊಟ್ಟ. ಅದನ್ನು ತೊಳೆದು ಅವರಮ್ಮ ಹುರುಳಿ ಸಾರು ತುಂಬಿ ಕಳಿಸಿದ್ದಳು.

ಅವನು ಹೋದ ಮೇಲೆ ಏರಿಯ ಕಲ್ಲಿನ ಮೇಲೆ ಕೂತು ಅತ್ತೆ. ಚೀಲದಲ್ಲಿ ಅದು ಇದ್ದಿದ್ದರೆ ಚಿಕ್ಕವೆಂಕಟಮ್ಮನಿಗೆ ಜಮೀನು ಉಳಿಸಿಕೊಟ್ಟು ಮಗನನ್ನು ತೆಗೆದಿರುತ್ತಿದ್ದೆ. ಭಯ ಹೋಗಿಲ್ಲ ಅಪ್ಪ, ಈಗಲೂ ಇದೆ. ಇಷ್ಟು ಭಯವಿರುವ ಕೈಗೆ ಅದು ಬೇಡ. ರಕ್ಷಣೆಗೆ ಅರ್ಜಿ ಹಾಕಿದ್ದೇನೆ, ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಓಡಾಡುತ್ತಿದ್ದೇನೆ.

ಇನ್ನೊಂದು. ‘ಗುಂಡು ಒಂದು ಕಮ್ಮಿ’ ಎಂದು ನೀವು ಬರೆದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅವರು ಮೊದಲು ಇಟ್ಟುಕೊಂಡಿದ್ದ ಜೋಡುನಳಿಗೆಯದನ್ನು ಮಧ್ಯಕ್ಕೆ ಬಗ್ಗಿಸಿ ತೆರೆದು ನೋಡಿದರೆ ಗುಂಡು ಕಣ್ಣಿಗೆ ಕಾಣುತ್ತಿತ್ತು. ಪಿಸ್ತೂಲು ಹಾಗಲ್ಲ. ಮೇಲಿನ ಭಾಗ ಎಳೆದು ಬಿಟ್ಟರೆ ಒಂದು ಗುಂಡು ನಳಿಗೆಯೊಳಗೆ ಹೋಗಿ ಕೂರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದರೂ ಅದು ಅಲ್ಲೇ ಇರುತ್ತದೆ. ಜೂನಿನಿಂದ ಕಳೆದುಹೋದ ಗುಂಡು ಎಲ್ಲಿದೆ ಎಂದು ನನಗೆ ಅನುಮಾನ. ಹಬ್ಬ ಮುಗಿಸಿ ಭಾನುವಾರ ನಾನೇ ಬರುತ್ತೇನೆ, ತಿಳಿದವರನ್ನು ಕರೆದುಕೊಂಡು ಬಂದು ತೋರಿಸೋಣ. ಅಲ್ಲಿಯವರೆಗೆ ಬೀರು ತೆರೆಯಬೇಡಿ ಎಂದು ನರಸಿಂಹಪ್ಪನವರಿಗೆ ಹೇಳಿ. ನೀವಂತೂ ಅದನ್ನು ಮುಟ್ಟುವವರೇ ಅಲ್ಲ, ಅದೊಂದು ಸಮಾಧಾನ. ಫೋನ್ ಮಾಡಿದೆ, ನಿಮ್ಮದು ಇನ್ನೂ ಅಕ್ಕಿ ಡಬ್ಬದಲ್ಲೇ ಇದೆಯಲ್ಲ, ಹತ್ತಲಿಲ್ಲ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ.

ನಿಮ್ಮ
ಸಂಘಮಿತ್ರ


ವಿದುರಾಶ್ವತ್ಥ
೧೪ ಅಕ್ಟೋಬರ್ ೨೦೨೪, ಸೋಮವಾರ

ಮಗಾ,

ನಿನ್ನ ಒಂಬತ್ತನೇ ತಾರೀಖಿನ ಕಾಗದ ಈಗ ತಾನೇ ಬಂತು. ಶುಕ್ರವಾರ ಆಯುಧಪೂಜೆ, ಶನಿವಾರ ವಿಜಯದಶಮಿ, ನಿನ್ನೆ ಭಾನುವಾರ. ಅಂಚೆಯವನ ತಪ್ಪೇನೂ ಇಲ್ಲ.

ನೀನು ನಿನ್ನೆ ಬರುತ್ತೀಯ ಎಂದು ನನಗೆ ತಿಳಿದಿರಲಿಲ್ಲ. ನೀನು ಬಂದಾಗ ನಾನೂ ನಿಮ್ಮಮ್ಮನೂ ಊರಲ್ಲಿರಲಿಲ್ಲ, ಬೆಂಗಳೂರಿನ ಆಸ್ಪತ್ರೆಯಲ್ಲಿದ್ದೆವು. ಬೀಗ ನೋಡಿಕೊಂಡು ವಾಪಸು ಹೋದೆ ಎಂದು ಪಕ್ಕದ ಮನೆಯ ಅಕ್ಕಯಮ್ಮ ಹೇಳಿದಳು. ನರಸಿಂಹಪ್ಪನವರಿಗೆ ಕೈಜಾರಿ ಗುಂಡು ತಗುಲಿತು ಎಂದು ಊರಿನವರು ನಿನಗೆ ಹೇಳಿರಬೇಕು. ಅದು ನಿಜವಲ್ಲ. ನಿಜವನ್ನು ಬರೆಯುತ್ತೇನೆ, ನೀನು ವಕೀಲೆಯಾಗಿ ಓದಬೇಡ, ಮಗಳಾಗಿ ಓದು.

ಶುಕ್ರವಾರ ಬೆಳಿಗ್ಗೆ ನರಸಿಂಹಪ್ಪ ತಾವೇ ನಮ್ಮ ಕೇರಿಗೆ ಬಂದು ಕರೆದರು. ‘ಪೂಜೆ ಆಯ್ತು ಮೇಷ್ಟ್ರೇ. ಬನ್ನಿ, ನಿಮ್ ಮಗಳ ವಸ್ತು ನೋಡ್ಕೊಂಡು ಊಟ ಮಾಡ್ಕೊಂಡು ಹೋಗೋರಂತೆ’ ಎಂದರು. ಹೋದೆ. ಎಂದಿನಂತೆ ಜಗಲಿಯ ಮೇಲೆ ಕೂರಲು ಪಂಚೆ ಸರಿಮಾಡಿಕೊಂಡೆ. ‘ಅಯ್ಯೋ ಅಲ್ಲಲ್ಲ, ಒಳಗೆ ಬನ್ನಿ. ದೇವ್ರ ಮುಂದೆ ಐತೆ’ ಎಂದು ನನ್ನ ತೋಳು ಹಿಡಿದು ಹೊಸ್ತಿಲು ದಾಟಿಸಿದರು.

ಹೊಸ್ತಿಲು ದಾಟುವಾಗ ನನಗೇನಾಯಿತು ಎಂದು ನಿನಗೆ ಬರೆದು ತಿಳಿಸಲಾರೆ. ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು. ಇಷ್ಟು ಓದಿ, ದೀಕ್ಷೆ ತೆಗೆದುಕೊಂಡು, ನೂರು ಭಾಷಣ ಮಾಡಿದವನು ಒಂದು ಹೊಸ್ತಿಲಿಗೆ ಇಷ್ಟು ಹಿಗ್ಗಬಾರದಿತ್ತು. ಶ್ಯಾಮಲಮ್ಮ ತಮ್ಮ ಕೈಯಾರೆ ಚಾಪೆ ಹಾಕಿದರು.

ದೇವರ ಮುಂದೆ ಬಾ‌ಳೆ ಎಲೆಯ ಮೇಲೆ ಕುಡುಗೋಲು, ಗುದ್ದಲಿ, ಟ್ರ್ಯಾಕ್ಟರಿನ ಬೀಗದ ಕೈ ಜೋಡಿಸಿದ್ದರು. ಮಧ್ಯದಲ್ಲಿ ಅದು. ಕುಂಕುಮ ಹಚ್ಚಿ, ಮೇಲೊಂದು ಚೆಂಡುಹೂ ಇಟ್ಟಿದ್ದರು. ಮ್ಯಾಗಜೀನನ್ನು ಬೇರೆ ಎಲೆಯ ಮೇಲೆ ಇಟ್ಟಿದ್ದರು, ಅದಕ್ಕೂ ಕುಂಕುಮ. ನರಸಿಂಹಪ್ಪ ಹೂವು ತೆಗೆದು, ಕಣ್ಣಿಗೊತ್ತಿಕೊಂಡು, ಪಿಸ್ತೂಲನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದರು. ‘ಖಾಲಿ ಡಬ್ಬಿ. ಗುಂಡೆಲ್ಲ ಆ ಎಲೆ ಮೇಲೈತೆ ನೋಡಿ. ಹಿಡ್ಕೊಳ್ಳಿ ಮೇಷ್ಟ್ರೇ.’

ನಾನು ಮುಟ್ಟುವವನಲ್ಲ ಎಂದು ನೀನು ಬರೆದಿದ್ದೀಯ. ನಾನೂ ಹಾಗೇ ತಿಳಿದುಕೊಂಡಿದ್ದೆ. ಆದರೆ ಮಗಾ, ನಮ್ಮ ಅಪ್ಪನಿಗೆ ಆ ಮನೆಯಲ್ಲಿ ಕೂಲಿಯನ್ನು ಮೇಲಿನಿಂದ ಅಂಗೈಗೆ ಉದುರಿಸುತ್ತಿದ್ದರು. ನನಗೆ ಮಜ್ಜಿಗೆ ಕೊಟ್ಟಾಗಲೂ ಲೋಟ ಜಗಲಿಯ ಮೇಲಿಟ್ಟು ಹೋಗುತ್ತಿದ್ದರು, ನಾನು ಎತ್ತಿಕೊಳ್ಳುತ್ತಿದ್ದೆ. ಆ ಮನೆಯಿಂದ ಕೈಯಿಂದ ಕೈಗೆ ಮೊದಲ ಸಲ ಬಂದ ವಸ್ತು ಅದು. ಬೇಡ ಎನ್ನಲು ನನ್ನಿಂದ ಆಗಲಿಲ್ಲ. ತೆಗೆದುಕೊಂಡೆ.

ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಅವರು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಗುಂಡು ಹಾರದಂತೆ ತಡೆಯುವ ಪಕ್ಕದ ಪುಟ್ಟ ಗುಂಡಿಯನ್ನು ತಾವೇ ಹೆಬ್ಬೆರಳಿನಿಂದ ಸರಿಸಿಕೊಟ್ಟು, ‘ಟ್ರಿಗರ್ ಒತ್ತಿ ನೋಡಿ, ಮಗಳ ಬೆರಳಿಗೆ ಬಿಗಿಯಾಗ್ತದೇನೋ’ ಎಂದರು. ನಾನು ನಿನ್ನ ಬೆರಳನ್ನು ನೆನೆಸಿಕೊಂಡು ಒತ್ತಿದೆ.

ಬಿಗಿಯೇನೂ ಇರಲಿಲ್ಲ.

ಸದ್ದು ಮುಗಿಯಿತು. ನರಸಿಂಹಪ್ಪ ತಮ್ಮ ಮೊಣಕಾಲನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. ಆಮೇಲೆ ಕುಂಕುಮ ಯಾವುದು, ರಕ್ತ ಯಾವುದು ಎಂದು ಗೊತ್ತಾಗದ ಹಾಗಾಯಿತು. ಶ್ಯಾಮಲಮ್ಮ ಸೆರಗು ಹರಿದು ಕಟ್ಟಿದರು. ನನ್ನ ಕೈಯಿಂದ ಅದನ್ನು ಬಿಡಿಸಿದ್ದೂ ಅವರೇ, ನನ್ನ ಬೆರಳು ಬಿಟ್ಟುಕೊಡುತ್ತಿರಲಿಲ್ಲ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆ ಕಾಲಿನಲ್ಲಿ ಮೊದಲಿನಂತೆ ನಡೆಯುವುದು ಅನುಮಾನ.

ನೀನು ಬರೆದದ್ದು ಸರಿ. ಕಳೆದುಹೋದ ಗುಂಡು ಜೂನಿನಿಂದ ಅಲ್ಲೇ ಕೂತಿತ್ತು. ಅಷ್ಟೂ ದಿನ ಆ ಬೀರುವಿನ ಮುಂದೆ ಅವರ ಮೊಮ್ಮಕ್ಕಳು ಮಲಗಿದ್ದರು.

ನಿನ್ನೆ ಆಸ್ಪತ್ರೆಯಲ್ಲಿ ಎಲ್ಲರನ್ನೂ ಹೊರಗೆ ಕಳಿಸಿ ನರಸಿಂಹಪ್ಪ ನನ್ನನ್ನು ಹತ್ತಿರ ಕರೆದರು. ‘ಪೊಲೀಸ್ನೋರು ಬಂದಿದ್ರು. ಒರೆಸ್ತಾ ಕೈಜಾರ್ತು ಅಂತ ಹೇಳಿದ್ದೀನಿ. ನೀವು ಬಾಯಿ ಬಿಡಬೇಡಿ. ನೀವು ಹೊಡೆದ್ರಿ ಅಂತ ಗೊತ್ತಾದ್ರೆ ನಮ್ ಬೀದಿ ಹುಡುಗ್ರು ನಿಮ್ ಕೇರಿ ಉಳಿಸ್ತಾರಾ? ಕ್ರಷರ್‌ನೋರು ನಿಮ್ ಮಗಳನ್ನ ಬಿಡ್ತಾರಾ?’ ಎಂದರು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು. ಅವರು ಹೇಳಿದ್ದೆಲ್ಲ ನಿಜ. ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿರುವ ಮನುಷ್ಯನ ಕೈಯನ್ನು ನಾನು ಹಿಡಿದುಕೊಂಡೇ ಇದ್ದೆ.

ಆಮೇಲೆ ಅವರು, ‘ಯಾರು ಕೇಳಿದ್ರೂ ಒಂದೇ ಮಾತು. ನೀವು ಒಳಗೆ ಬಂದೇ ಇಲ್ಲ ಮೇಷ್ಟ್ರೇ. ಜಗಲಿ ಮೇಲೆ ಕೂತಿದ್ರಿ. ಎಲ್ರೂ ನಂಬ್ತಾರೆ’ ಎಂದರು.

ನಂಬುತ್ತಾರೆ. ಅನುಮಾನವೇ ಇಲ್ಲ, ಇಡೀ ಊರು ನಂಬುತ್ತದೆ. ನಾನು ಆ ಮನೆಯ ಒಳಗಿದ್ದೆ ಎನ್ನುವುದನ್ನೇ ಯಾರೂ ನಂಬುವುದಿಲ್ಲ.

ರಾತ್ರಿಯೆಲ್ಲ ಯೋಚಿಸಿದೆ. ಮೊನ್ನೆ ಶನಿವಾರ ಅಶೋಕ ವಿಜಯದಶಮಿ. ಒಬ್ಬ ರಾಜ ಆಯುಧ ಕೆಳಗಿಟ್ಟ ದಿನ ಎಂದು ವರ್ಷವರ್ಷವೂ ಕೇರಿಯ ಮಕ್ಕಳಿಗೆ ಹೇಳುತ್ತಿದ್ದೆ. ಈ ವರ್ಷ ಹೇಳಲಿಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಈಗ ಅವರ ಮುಂದೆ ನಿಲ್ಲಬೇಕಾದರೆ ನಾನು ಮೊದಲು ಬೇರೆ ಕಡೆ ಹೋಗಿ ಬರಬೇಕು. ನಿಮ್ಮಮ್ಮನಿಗೆ ಎಲ್ಲ ಹೇಳಿದೆ. ಅವಳು ‘ಒಗೆದಿರೋ ಅಂಗಿ ಹಾಕ್ಕೊಂಡು ಹೋಗು’ ಎಂದಳು. ಇಸ್ತ್ರಿ ಮಾಡುತ್ತಿದ್ದಾಳೆ.

ಇದರಿಂದ ನಿನ್ನ ಕೇಸಿಗೆ ತೊಂದರೆಯಾಗಬಹುದು. ಕೇರಿಗೂ ಆಗಬಹುದು, ಅದಕ್ಕೇ ಹಿರಿಯರಿಗೆ ತಿಳಿಸಿಯೇ ಹೋಗುತ್ತೇನೆ. ಅದಕ್ಕೆಲ್ಲ ನನ್ನನ್ನು ಬೈಯಿ, ಫೋನು ಡಬ್ಬದಿಂದ ತೆಗೆದಿಟ್ಟಿದ್ದೇನೆ, ಕೂಗಾಡೋಣ. ಆದರೆ ತಡೆಯಬೇಡ.

ಜನವರಿಯಲ್ಲಿ ನೀನು ಇಟ್ಟುಕೊಂಡವರ ಅಭಿಪ್ರಾಯ ಕೇಳಿದ್ದೆ. ಮೂವರದು ಬರೆದಿದ್ದೆ, ನಾಲ್ಕನೆಯದು ನನ್ನದು. ಕಡಿಮೆ ಬೆಲೆಯದು, ಎಂಥವರ ಬೆರಳಿಗೂ ಹಗುರ, ಬಹಳ ನಂಬಿಕಸ್ತ. ನಾಲ್ಕು ತಿಂಗಳು ಕಾದಿದ್ದು ಮೊದಲ ಒತ್ತಿಗೇ ಹಾರಿತು.

ಈ ಕಾಗದ ಅಂಚೆಗೆ ಹಾಕಿ ಅಲ್ಲಿಂದಲೇ ಠಾಣೆಗೆ ಹೋಗುತ್ತೇನೆ. ಏನು ಹೇಳಬೇಕೆಂದು ಹೇಳಿಕೊಡಬೇಡ, ನನಗೆ ಗೊತ್ತಿದೆ. ಗುಂಡಿನ ಮಾತು ಆಮೇಲೆ. ಮೊದಲು ನಾನು ಜಗಲಿಯ ಮೇಲಿರಲಿಲ್ಲ, ಒಳಗಿದ್ದೆ ಎಂದು ಹೇಳುತ್ತೇನೆ.

ನಿನ್ನ
ಅಪ್ಪ